ಸ್ವೆಟರಿನೊಳಗಿನ ಚಟಚಟ

ಆ ವರ್ಷದ ಮಳೆಗಾಲದಲ್ಲಿ ಅವ್ವ ಬಟ್ಟೆ ಒಣಹಾಕುವ ತಂತಿಗೆ ಅಂಟಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಧಾರವಾಡದಿಂದ ಕೊಂಕಣಿ ಮಾತಾಡುವ ಗಣಿ ಊರಾದ ಕುಡಚಡೆಗೆ ಬಂದು ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮದು ಬಾಡಿಗೆ ಮನೆ. ಹಿತ್ತಿಲಲ್ಲಿ ಕಬ್ಬಿಣದ ತಂತಿ ಬಿಗಿದಿದ್ದರು. ಬಚ್ಚಲಿನ ದೀಪಕ್ಕೆ ಎಳೆದಿದ್ದ ವೈರು ಎಲ್ಲೋ ಸವೆದು ಅದಕ್ಕೆ ತಾಗಿತ್ತಂತೆ. ಅವ್ವ ಒದ್ದೆ ಕೈಯಿಂದ ಧೋತರ ಹರವಲು ಹೋದಳು. ಕೈ ಬಿಟ್ಟು ಬರಲಿಲ್ಲ. ಬಾಯಿ ತೆರೆದಿತ್ತು, ಧ್ವನಿಯಿರಲಿಲ್ಲ. ನಾನು ಓಡಿಹೋಗಿ ಅವಳ ಸೆರಗು ಹಿಡಿಯುವಷ್ಟರಲ್ಲಿ ಒಳಗಿನಿಂದ ಅಪ್ಪ ಕಿರುಚಿದ.

“ಮುಟ್ಟಬ್ಯಾಡ! ಮುಟ್ಟಿದ್ರ ನೀನೂ ಹೋಗ್ತಿ!”

ಅಡುಗೆಮನೆಯ ಮಣೆಯನ್ನೇ ಎತ್ತಿಕೊಂಡು ಬಂದು ಅವಳ ತೋಳಿಗೆ ಹೊಡೆದು ಬಿಡಿಸಿದ. ಅವ್ವ ಕೆಸರಿಗೆ ಬಿದ್ದಳು, ಬದುಕಿದಳು. ಅಂಗೈಯಲ್ಲಿ ಕಪ್ಪು ಗೆರೆ ಉಳಿಯಿತು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅವ್ವ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು. ಮರೆತಿದ್ದಾಳೆಂದೇ ನಾನು ತಿಳಿದಿದ್ದೆ. ನಾನು ಮರೆಯಲಿಲ್ಲ. ಸ್ವಿಚ್ಚಿನ ಹತ್ತಿರ ಹೋಗುತ್ತಿರಲಿಲ್ಲ. ರಸ್ತೆಯಲ್ಲಿ ಕರೆಂಟಿನ ಕಂಬ ಬಂದರೆ ಅದಿರಿನ ಲಾರಿ ಬರುತ್ತಿದ್ದರೂ ಆಚೆ ಬದಿಗೆ ದಾಟಿಬಿಡುತ್ತಿದ್ದೆ.

ಡಿಸೆಂಬರ್ ಬಂತು. ಅಲ್ಲಿನವರ ನಾತಾಳ, ಅಂದರೆ ಕ್ರಿಸ್‌ಮಸ್, ಹತ್ತಿರವಾಗಿತ್ತು. ಶಾಲೆಗೆ ರಜೆ. ಮುಂದಿನ ಮನೆಯ ಟೀಚರ್ ಬಿದಿರಿನ ಕಡ್ಡಿಗೆ ಗಾಳಿಪಟದ ಬಣ್ಣದ ಕಾಗದ ಅಂಟಿಸಿ ದೊಡ್ಡ ನಕ್ಷತ್ರ ಮಾಡುತ್ತಿದ್ದರು. ಉಳಿದ ಚೂರುಗಳಿಂದ ಒಂದು ಆಟ ತೋರಿಸುತ್ತೇನೆಂದು ಓಣಿಯ ಮಕ್ಕಳನ್ನೆಲ್ಲ ಕರೆದರು. ಬೆಳಗಿನ ಚಳಿ ಇನ್ನೂ ಇತ್ತು. ಅಜ್ಜಿ ಊರಿನಿಂದ ಕಳಿಸಿದ್ದ ಉಣ್ಣೆಯ ಸ್ವೆಟರನ್ನು ನೈಲಾನ್ ಫ್ರಾಕಿನ ಮೇಲೆ ಹಾಕಿಕೊಂಡು ನಾನೂ ಹೋದೆ.

ಚೂರುಗಳನ್ನು ಉಗುರಿನಷ್ಟು ಸಣ್ಣ ನಕ್ಷತ್ರಗಳಾಗಿ ಕತ್ತರಿಸಿ ತಟ್ಟೆಯಲ್ಲಿ ಹರಡಿದೆವು. ಟೀಚರ್ ಕೆಂಪು ಬಲೂನು ಊದಿ, ನನ್ನನ್ನು ಹತ್ತಿರ ಕರೆದು, ನನ್ನ ಸ್ವೆಟರಿಗೇ ಗಸಗಸ ಉಜ್ಜಿದರು. ಬಲೂನನ್ನು ತಟ್ಟೆಯ ಮೇಲೆ ಹಿಡಿದದ್ದೇ ತಡ, ನಕ್ಷತ್ರಗಳು ಎದ್ದು ನಿಂತವು, ಜಿಗಿದವು, ಬಲೂನಿಗೆ ಕಚ್ಚಿಕೊಂಡವು. ಕಟ್ಟೆಯ ಮೇಲಿದ್ದ ಅದಿರಿನ ಕೆಂಪು ಧೂಳೂ ಹೋಗಿ ಅಂಟಿತು. ಮಕ್ಕಳು ಕೇಕೆ ಹಾಕಿದರು. ನಾನೂ ನಕ್ಕೆ.

“ಇದು ಯಾರು ಮಾಡಿದ್ದು ಗೊತ್ತಾ? ಕರೆಂಟು!” ಎಂದರು ಟೀಚರ್, ಕೊಂಕಣಿಯಲ್ಲಿ.

ನನ್ನ ನಗು ನಿಂತಿತು. “ಎಲ್ಲಿಂದ ಬಂತು, ಟೀಚರ್?” ಎಂದ ಒಬ್ಬ ಹುಡುಗ.

“ಇವಳ ಸ್ವೆಟರಿನಿಂದ. ನಮ್ಮೆಲ್ಲರ ಮೈಯಲ್ಲೂ ಇರುತ್ತದೆ ಅದು, ಉಜ್ಜಿದರೆ ಎದ್ದು ಬರುತ್ತದೆ” ಎಂದು ಅವರು ಬಲೂನನ್ನು ನನ್ನ ತಲೆಯ ಮೇಲೆ ಹಿಡಿದರು. ಕೂದಲು ನೆಟ್ಟಗೆ ನಿಂತಿತು. ಹಣೆಯ ಮೇಲೆ ಇರುವೆ ಹರಿದಂತಾಯಿತು. ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದರು. ನನಗೆ ಮಾತ್ರ ಕಂಡದ್ದು ಅವ್ವನ ತೆರೆದ ಬಾಯಿ.

ಎದ್ದು ಮನೆಗೆ ಬಂದೆ. ಅಂಗೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಯಾವುದಕ್ಕೂ ತಾಗದಂತೆ, ಪಡಸಾಲೆಯ ನಡುವೆ ನಿಂತೆ. ತೊಟ್ಟಿಲಲ್ಲಿ ತಂಗಿ ಅಳುತ್ತಿತ್ತು.

“ಕೂಸಿನ್ನ ಎತ್ಕೊ, ರೊಟ್ಟಿ ಮಾಡಾಕತ್ತೇನಿ” ಎಂದಳು ಅವ್ವ ಒಳಗಿನಿಂದ.

ನಾನು ಅಲುಗಲಿಲ್ಲ. ತಂಗಿಯ ಅಳು ಜೋರಾಯಿತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಕಿವಿ ಕೇಳಸೂದಿಲ್ಲೇನು? ಏನಾಗೇತಿ ನಿನಗ?”

“ನಾ ಮುಟ್ಟಂಗಿಲ್ಲ.”

“ಬಿಸಿಲು ಏರೇತಿ, ಇನ್ನೂ ಸ್ವೆಟರ್ ಹಾಕ್ಕೊಂಡು ನಿಂತಿಯಲ್ಲ! ತಗಿ ಅದನ್ನ.”

ಅವಳು ಕೈ ಒರೆಸಿಕೊಂಡು ಹತ್ತಿರ ಬಂದಳು. ನಾನು ಹಿಂದೆ ಸರಿಯುತ್ತ ಗೋಡೆಗೆ ಒರಗಿ ನಿಂತೆ. “ಬ್ಯಾಡ, ಅವ್ವಾ, ಮುಟ್ಟಬ್ಯಾಡ” ಎಂದೆ. ಹಟ ಮಾಡುತ್ತಿದ್ದೇನೆಂದು ತಿಳಿದು ಅವಳು ಸ್ವೆಟರಿನ ಅಂಚು ಹಿಡಿದು ಒಮ್ಮೆಲೇ ಮೇಲಕ್ಕೆಳೆದಳು.

ಕಿವಿಯ ಬಳಿ ಚಟಚಟ ಎಂದಿತು. ಮುಖದ ಮೇಲೆ ಉಣ್ಣೆ, ಕತ್ತಲು. ಎರಡೂ ತೋಳು ಮೇಲೆ ಸಿಕ್ಕಿಕೊಂಡಿದ್ದವು. ಹೊರಗಿನಿಂದ ಅವ್ವ “ಅಯ್ಯಯ್ಯೋ!” ಎಂದದ್ದು ಕೇಳಿಸಿತು. ಅವಳ ಕೈ ಬಿಟ್ಟುಹೋಯಿತು. ಆಮೇಲೆ ಏನೂ ಇಲ್ಲ. ತಂಗಿಯೂ ಅಳು ನಿಲ್ಲಿಸಿತ್ತು.

ಸತ್ತಳು ಎಂದುಕೊಂಡೆ. ನಾನೇ ಕೊಂದೆ. ಆ ಕತ್ತಲಲ್ಲಿ ಉಸಿರು ಸಿಗದೆ, ಉಣ್ಣೆಯ ವಾಸನೆ ಮೂಗಿಗೆ ತುಂಬಿಕೊಂಡು, “ಯಾರಾದ್ರೂ ಬರ್ರಿ, ನಮ್ಮವ್ವನ್ನ ಬಿಡಿಸ್ರಿ” ಎಂದು ಕಿರುಚಿದೆ. ಸ್ವೆಟರ್ ಹರಿಯುವಂತೆ ಒದ್ದಾಡಿದರೂ ತೋಳು ಬಿಡಿಸಿಕೊಳ್ಳಲಾಗಲಿಲ್ಲ. ಕೆಳಗೆ ಕೂತುಬಿಟ್ಟೆ.

ಆಗ ಎರಡು ಕೈ ಉಣ್ಣೆಯ ಮೇಲಿಂದಲೇ ನನ್ನ ತಲೆಯನ್ನು ಹಿಡಿದವು. ನಿಧಾನವಾಗಿ ಸ್ವೆಟರ್ ಕಳಚಿತು. ಅವ್ವ ನನ್ನೆದುರು ಮೊಣಕಾಲೂರಿ ಕೂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಜೀವ ಐತೇನು ನಿನಗ?” ಎಂದಳು. ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅಳುತ್ತಲೇ ಬಲೂನು, ನಕ್ಷತ್ರ, ಮೈಯೊಳಗಿನ ಕರೆಂಟು ಎಲ್ಲ ಹೇಳಿದೆ. ಅವಳು ತಂಗಿಯನ್ನು ಕಂಕುಳಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು, ನೇರ ಟೀಚರ ಮನೆಗೆ ನಡೆದಳು.

“ಏನ್ ಮಾಡೀರಿ ಟೀಚರ್ ನನ್ನ ಮಗಳಿಗೆ? ಮೈಯಾಗ ಕರೆಂಟ್ ಹೊಕ್ಕೈತಿ ಅಂತ ಅಳಾಕತ್ತಾಳ. ನನಗೂ ಹೊಡೀತು.”

ಟೀಚರಿಗೆ ಅವ್ವನ ಕನ್ನಡ ಅರ್ಧ ತಿಳಿಯಿತು, ಉಳಿದರ್ಧ ನಾನು ಬಿಕ್ಕುತ್ತ ಹೇಳಿದೆ. ಟೀಚರ್ ನಗಲಿಲ್ಲ. ಮಳೆಗಾಲದಲ್ಲಿ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದ ರಿಕ್ಷಾ ತಂದವರೇ ಅವರು. ಕತ್ತರಿ ಕೆಳಗಿಟ್ಟರು. “ದೇವರೇ, ನನಗೆ ಹೊಳೆಯಲೇ ಇಲ್ಲ” ಎಂದು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು.

“ಕಂಬದಿಂದ ಬರುವುದು ನಿಲ್ಲದೆ ಬರುತ್ತಲೇ ಇರುತ್ತದೆ, ಹಿಡಿದವರನ್ನು ಬಿಡುವುದಿಲ್ಲ. ಇದು ಉಜ್ಜಿದಾಗ ಚೂರು ಕೂಡುತ್ತದೆ, ಒಂದು ಸಲ ಚಟ್ ಅಂದರೆ ಮುಗಿಯಿತು. ನೀನು ಯಾರನ್ನು ಮುಟ್ಟಿದರೂ ಅವರಿಗೇನೂ ಆಗುವುದಿಲ್ಲ.” ಆಮೇಲೆ ಅವ್ವನ ಕಡೆ ಬಲೂನು ಚಾಚಿದರು. “ನೀವೇ ಒಮ್ಮೆ ಮಾಡಿ ತೋರಿಸಿ, ಹುಡುಗಿಗೆ ಧೈರ್ಯ ಬರಲಿ.”

ಅವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ನನಗ ಬ್ಯಾಡ್ರಿ. ಅಂಜಿಕಿ ಬರ್ತೈತಿ. ಇನ್ನೂ ಕನಸಿನ್ಯಾಗ ಕೈ ಹಿಡಕೊಳ್ತೈತಿ ಅದು.”

ಟೀಚರ್ ಏನೆಂದು ನನ್ನ ಮುಖ ನೋಡಿದರು. ನಾನು ಕೊಂಕಣಿಯಲ್ಲಿ ಹೇಳಿದೆ. ಹೇಳುತ್ತಿರುವಾಗಲೇ ಅವ್ವನೂ ಇಷ್ಟು ದಿನ ಹೆದರಿಕೊಂಡೇ ಇದ್ದಳೆಂಬುದು ನನಗೆ ತಿಳಿಯಿತು. ಹಾಗಾದರೆ ನಮ್ಮನ್ನು ಕಾಯುವವರು ಯಾರು ಎಂದು ಇನ್ನೊಂದು ಥರದ ಭಯವಾಯಿತು.

ಯಾಕೋ ನಾನೇ ಕೈ ಚಾಚಿ ಬಲೂನು ತೆಗೆದುಕೊಂಡೆ. ಕಣ್ಣು ಮುಚ್ಚಿ ಟೀಚರ್ ಹೊದ್ದಿದ್ದ ಶಾಲಿಗೆ ಉಜ್ಜಿ ತಟ್ಟೆಯ ಮೇಲೆ ಹಿಡಿದೆ. ಕಣ್ಣು ತೆರೆದಾಗ ನಕ್ಷತ್ರಗಳು ಬಲೂನಿಗೆ ನೇತಾಡುತ್ತಿದ್ದವು. ನನಗೆ ಏನೂ ಆಗಿರಲಿಲ್ಲ. ಅವ್ವ ದೂರದಲ್ಲೇ ಕೂತು ಕುತ್ತಿಗೆ ಚಾಚಿ ನೋಡಿದಳು.

“ಕಚ್ಚಲಿಲ್ಲೇನು?”

“ಇಲ್ಲ.”

“ಖರೇ?”

“ಖರೇ, ಅವ್ವಾ.”

ಅವಳು ಎಡಗೈಯ ಕಿರುಬೆರಳನ್ನು ಚಾಚಿ ಒಂದು ಹಳದಿ ನಕ್ಷತ್ರವನ್ನು ಮುಟ್ಟಿ, ಥಟ್ಟನೆ ಹಿಂದಕ್ಕೆಳೆದುಕೊಂಡಳು. ನಕ್ಷತ್ರ ಬೆರಳಿಗೇ ಅಂಟಿ ಬಂದಿತ್ತು. ಅವಳು ಬೆಚ್ಚಿ ಕೈ ಕೊಡವಿದಳು. ಅದು ಹೋಗಿ ತಂಗಿಯ ಮೂಗಿನ ಮೇಲೆ ಕೂತಿತು. ತಂಗಿ ಸೀನಿತು. ಟೀಚರ್ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಅವ್ವ ನಗಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ. ಟೀಚರ್ ಕೊಟ್ಟ ಚಹಾ ಕುಡಿದು, ರೊಟ್ಟಿಯ ಹಿಟ್ಟು ಒಣಗೀತೆಂದು ನೆನಪಾಗುವವರೆಗೆ ನನ್ನ ಪಕ್ಕದಲ್ಲೇ ಕೂತಿದ್ದಳು.