ದರ್ಶನ ಆತೇನು?

ಅಕ್ಕನಾಗಮ್ಮ ಹೊಸಪೇಟೆಯಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಾ ಬಂದವಳು. ಅವಳ ಓಣಿಯ ಅರ್ಧ ಹೆಂಗಸರ ಮೈಯಳತೆ ಅವಳ ಪುಸ್ತಕದಲ್ಲಿದೆ. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರವರ ಗಂಡಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಇಂಥ ಹೆಂಗಸು ಹನ್ನೊಂದು ವರ್ಷ ಇನ್ನೊಬ್ಬರ ಅಳತೆಯ ದುರ್ಬೀನನ್ನು ಕಣ್ಣಿಗೆ ಹಿಡಿದುಕೊಂಡು ಗುಡ್ಡ ಗುಡ್ಡ ತಿರುಗಿದಳು ಎಂದರೆ ಯಾರಾದರೂ ನಗುತ್ತಾರೆ. ಆದರೆ ನಡೆದದ್ದು ಹಾಗೆಯೇ.

ವಯಸ್ಸು ಐವತ್ಮೂರು. ಮದುವೆ ಆಗಿಲ್ಲ. ಯಾಕೆ ಎಂದು ಕೇಳುವವರು ಮೊದಲು ಬಹಳ ಮಂದಿ ಇದ್ದರು, ಈಗ ಅವರಿಗೂ ಬೇಸರ ಬಂದು ಬಿಟ್ಟಿದ್ದಾರೆ. ಹೊಲಿಗೆ ಮಷಿನ್ನು, ಒಂದು ಕೋಣೆ, ಒಂದು ಅಡುಗೆಮನೆ. ಇಷ್ಟರಲ್ಲೇ ಮುಗಿದುಹೋಗಬೇಕಿದ್ದ ಬದುಕಿಗೆ ಭಾನುವಾರ ಎಂಬುದೊಂದನ್ನು ಸೇರಿಸಿದವಳು ಸುಕನ್ಯಾ.

ಸುಕನ್ಯಾ ಪಕ್ಕದ ಓಣಿಯವಳು. ಚೋರನೂರು ಕಡೆಯ ಹಳ್ಳಿಗಳಲ್ಲಿ ಆಸ್ಪತ್ರೆಯ ಸಿಸ್ಟರ್ ಆಗಿ ದುಡಿದು ರಿಟೈರ್ ಆದವಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಊರಿಂದ ಊರಿಗೆ ಕಾಲ್ನಡಿಗೆಯಲ್ಲಿ ತಿರುಗುವಾಗ ಹಕ್ಕಿಗಳ ದನಿ ಕಲಿತಿದ್ದಳು. ಹಂಪಿಯ ಗೆಸ್ಟ್ ಹೌಸಿನಲ್ಲಿ ಜ್ವರ ಬಂದು ಮಲಗಿದ್ದ ವಿದೇಶದ ಮುದುಕಿಯೊಬ್ಬಳನ್ನು ಮೂರು ದಿನ ನೋಡಿಕೊಂಡಿದ್ದಕ್ಕೆ ಆಕೆ ತನ್ನ ದುರ್ಬೀನನ್ನೇ ಬಿಚ್ಚಿ ಇವಳ ಕೊರಳಿಗೆ ಹಾಕಿ ಹೋಗಿದ್ದಳು. ಒಂದು ದಿನ ರವಿಕೆ ಒಯ್ಯಲು ಬಂದ ಸುಕನ್ಯಾ, "ಮುಂಜಾನಿಂದ ಸಂಜೀತನ ತಲಿ ಬಗ್ಗಿಸಿ ಕುಂತಿರ್ತಿ. ವಾರದಾಗ ಒಂದಿನನರ ತಲಿ ಎತ್ತಲೇ ನಾಗೂ," ಎಂದಳು. ಆ ಭಾನುವಾರವೇ ಇಬ್ಬರೂ ರೊಟ್ಟಿ ಕಟ್ಟಿಕೊಂಡು ಮೊದಲ ಬಸ್ಸು ಹತ್ತಿದರು.

ಅಲ್ಲಿಂದ ಹನ್ನೊಂದು ವರ್ಷ. ಹಂಪಿ, ದರೋಜಿ, ಸಂಡೂರಿನ ಗುಡ್ಡಗಳು, ಕಂಪ್ಲಿಯ ಗದ್ದೆಬಯಲು. ಸುಕನ್ಯಾ ಮುಂದೆ, ಅಕ್ಕನಾಗಮ್ಮ ಹಿಂದೆ. ಸುಕನ್ಯಾ ಥಟ್ಟನೆ ನಿಂತು, ಕಿವಿಗೊಟ್ಟು, ದುರ್ಬೀನು ಎತ್ತಿ, ಹಕ್ಕಿಯ ಹೆಸರು ಹೇಳಿ, ಆಮೇಲೆ ಅದನ್ನು ಇವಳ ಕೈಗಿಡುವಳು. ಇವಳು ನೋಡಿದ ಮೇಲೆ ಒಂದೇ ಪ್ರಶ್ನೆ: "ದರ್ಶನ ಆತೇನಲೇ?"

"ಆತು," ಎನ್ನುವಳು ಅಕ್ಕನಾಗಮ್ಮ.

ಆಗಿರಲಿಲ್ಲ. ಒಂದು ಸಲವೂ ಆಗಿರಲಿಲ್ಲ. ಅವಳಿಗೆ ಕಾಣುತ್ತಿದ್ದುದು ಎರಡು ಕರಿ ತೂತು, ಅವುಗಳ ಅಂಚಿಗೆ ಒಂದಿಷ್ಟು ಮಬ್ಬು ಬೆಳಕು. ಆದರೆ ಈ ಕಡೆಯವರಿಗೆ ಅದೊಂದು ರೂಢಿ ಇದೆ ನೋಡಿ. ಗುಡಿಯಿಂದ ಹೊರಬಂದವರನ್ನು ದರ್ಶನ ಆತೇನು ಎಂದು ಕೇಳಿದರೆ ಆತು ಎಂದೇ ಹೇಳಬೇಕು. ಎರಡು ತಾಸು ಸಾಲಿನಲ್ಲಿ ನಿಂತು, ಮುಂದಿನವನ ಬೋಳುತಲೆ ಬಿಟ್ಟರೆ ಬೇರೇನೂ ಕಾಣದೆ ತಳ್ಳಿಸಿಕೊಂಡು ಬಂದಿದ್ದರೂ ಆಗಲಿಲ್ಲ ಎನ್ನುವಂತಿಲ್ಲ. ಆಗಲಿಲ್ಲ ಎಂದರೆ ದೋಷ ದೇವರದಲ್ಲ, ನಮ್ಮದು ಎಂದಾಗುತ್ತದೆ. ಅಕ್ಕನಾಗಮ್ಮನೂ ಹಾಗೆಯೇ ಅಂದುಕೊಂಡಳು. ಸೂಜಿಗೆ ದಾರ ಪೋಣಿಸಿ ಪೋಣಿಸಿ ತನ್ನ ಕಣ್ಣು ಕೆಟ್ಟಿವೆ, ಸುಕನ್ಯಾಗೆ ಎಲ್ಲ ಕಾಣುತ್ತದೆ. ಇಲ್ಲ ಎಂದುಬಿಟ್ಟರೆ, ಕಣ್ಣಿಲ್ಲದವಳನ್ನು ಕಟ್ಟಿಕೊಂಡು ಯಾಕೆ ತಿರುಗಲಿ ಎಂದು ಮುಂದಿನ ಭಾನುವಾರ ಅವಳು ಕರೆಯದಿದ್ದರೆ? ಆ ಹೆದರಿಕೆಗೆ ಆತು, ಆತು ಎಂದಳು. ನೋಡಿದ ಪ್ರತಿ ಹಕ್ಕಿಯ ಹೆಸರನ್ನೂ ಅದಕ್ಕೆಂದೇ ಇಟ್ಟ ಬೇರೊಂದು ಪುಸ್ತಕದಲ್ಲಿ ಬರೆದು ಮುಂದೆ 'ಇಬ್ಬರೂ ನೋಡಿದೆವು' ಎಂದು ಬರೆಯುತ್ತಿದ್ದವಳೂ ಅವಳೇ.

ಹೋದ ವರ್ಷ ಮಾಗಿಯಲ್ಲಿ ಸುಕನ್ಯಾ ಎದೆನೋವು ಎಂದು ಕುಳಿತವಳು ಮತ್ತೆ ಏಳಲಿಲ್ಲ. ಮಣ್ಣು ಮಾಡಿ ಬಂದವರು ತಂತಮ್ಮ ಮನೆಗೆ ಹೋದರು, ಅಕ್ಕನಾಗಮ್ಮ ಮಷಿನ್ನಿನ ಮುಂದೆ ಹೋಗಿ ಕುಳಿತಳು. ಗೆಳತಿ ಸತ್ತರೆ ಇಷ್ಟು ದಿನ ಅಳಬೇಕು ಎಂಬ ಲೆಕ್ಕ ಯಾರಲ್ಲೂ ಇಲ್ಲ. ಗಂಡ ಸತ್ತರೆ, ಅಕ್ಕ ಸತ್ತರೆ ಮಾತನಾಡಿಸಲು ಜನ ಬರುತ್ತಾರೆ. ಇವಳ ಬಳಿಗೆ ರವಿಕೆ ತಯಾರಾಯಿತೇ ಎಂದು ಕೇಳಲು ಬಂದರು, ಅಷ್ಟೇ. ಭಾನುವಾರ ಅಂಗಡಿ ಮುಚ್ಚಿ ಒಳಗೆ ಕುಳಿತರೆ ಸಂಜೆಯವರೆಗೆ ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಹಂಪಿ ಬಸ್ಸು ಹತ್ತಿದ್ದಳು. ಕಂಡಕ್ಟರ್ ಗುರುತು ಹಿಡಿದು, "ಇವತ್ತ ಒಬ್ರೇನ್ರಿ? ಜೊತಿಗಿನ ಅಮ್ಮಾರು ಎಲ್ಲಿ?" ಎಂದ. ಪಾಪ, ಅವನೇನು ತಪ್ಪು ಮಾಡಿದ್ದ? ಆದರೂ ಅವಳು ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದು ಮನೆಗೆ ಬಂದಳು.

ವರ್ಷದ ಕಾರ್ಯ ಮುಗಿದ ಮರುದಿನ ಸುಕನ್ಯಾಳ ತಂಗಿಯ ಮಗಳು ಕಾವ್ಯ ಬಂದು, "ದೊಡ್ಡಮ್ಮ ಇದನ್ನ ನಿಮಗ ಕೊಡಾಕ ಹಿಂದನ ಹೇಳಿದ್ರು," ಎಂದು ಹಳೆಯ ದುರ್ಬೀನನ್ನು ಮೇಜಿನ ಮೇಲಿಟ್ಟು ಹೋದಳು. ಮೂರು ದಿನ ಅದು ಕತ್ತರಿಯ ಪಕ್ಕದಲ್ಲೇ ಬಿದ್ದಿತ್ತು. ನಾಲ್ಕನೆಯ ದಿನ ಅಕ್ಕನಾಗಮ್ಮ ತನ್ನೊಳಗೆ ಒಂದು ತೀರ್ಮಾನ ಮಾಡಿದಳು. ತನ್ನ ಕಣ್ಣಿಗೆ ಹೊಂದುವ, ತನ್ನ ಕತ್ತು ತಡೆಯುವ ಒಂದು ಸಣ್ಣ ದುರ್ಬೀನು ತರುವುದು, ಬರುವ ಭಾನುವಾರ ಮಾತಂಗ ಬೆಟ್ಟಕ್ಕೆ ಒಬ್ಬಳೇ ಹೋಗುವುದು. ಒಂದೇ ಒಂದು ಹಕ್ಕಿಯಾದರೂ ನಿಜವಾಗಿ ಕಂಡರೆ ಸರಿ. ಕಾಣದಿದ್ದರೆ ಆ ಹಕ್ಕಿಗಳ ಪುಸ್ತಕವನ್ನು ಟ್ರಂಕಿಗೆ ಹಾಕಿ, ಭಾನುವಾರವೂ ಮಷಿನ್ನು ತುಳಿಯುವುದು.

ಲಿಂಗರಾಜನ ಕ್ಯಾಮೆರಾ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆ. ಮದುವೆ ಫೋಟೋ ತೆಗೆಯುತ್ತಿದ್ದವನು ಈಗ ಹಂಪಿಗೆ ಬರುವವರಿಗೆ ಬೇಕಾದ ಸಾಮಾನೆಲ್ಲ ಇಟ್ಟಿದ್ದಾನೆ. ಅವನು ನಾಲ್ಕು ದುರ್ಬೀನು ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ.

"ಕುಂದ್ರಿ ಅಮ್ಮಾರ. ಇದು ಹತ್ತು, ಇವು ಎಂಟು. ಹತ್ತು ಅಂದ್ರ ಹತ್ತು ಪಟ್ಟು ಹತ್ರ ತೋರಸ್ತೈತ್ರಿ."

"ಹಂಗಾದ್ರ ಹತ್ತರದ್ದ ಕೊಡಪಾ."

"ಕೈ ನಡುಗಿದ್ರ ಆ ನಡುಕನೂ ಹತ್ತು ಪಟ್ಟು ತೋರಸ್ತೈತ್ರಿ," ಎಂದು ಲಿಂಗರಾಜ ನಕ್ಕ. "ಗುಡ್ಡ ಹತ್ತಿ, ಏದುಸಿರು ಬಿಟ್ಕೊಂತ ನೋಡೋರಿಗೆ ಎಂಟ ಚಲೋ. ಈಗ ಈ ಎರಡು ನೋಡ್ರಿ. ದೊಡ್ಡದರ ಗಾಜು ಅಗಲ, ಮುಂಜಾನಿ ಮಬ್ಬಿನ್ಯಾಗನೂ ಬೆಳಕ ಕಾಣತೈತಿ. ಆದ್ರ ಭಾರ. ಇದು ಸಣ್ಣದು, ಮಡಚಿದ್ರ ಮುಷ್ಟಿಯಾಗ ಕುಂದ್ರತೈತಿ."

ಅಕ್ಕನಾಗಮ್ಮ ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿದಳು. ದೊಡ್ಡದು ಅವಳ ದೊಡ್ಡ ಕತ್ತರಿಗಿಂತ ಭಾರವಿತ್ತು, ಸಣ್ಣದು ಹಗುರ. ಮೂವತ್ತು ವರ್ಷ ಬಗ್ಗಿ ಕುಳಿತ ಕತ್ತಿಗೆ ಇನ್ನೊಂದು ಕತ್ತರಿಯನ್ನು ನೇತುಹಾಕುವುದು ಬೇಡವೆನಿಸಿತು. ಸಣ್ಣದನ್ನು ಎತ್ತಿ, ಅಂಗಡಿಯ ಬಾಗಿಲಲ್ಲಿ ನಿಂತು ಎದುರಿನ ಮಾಳಿಗೆಯತ್ತ ಹಿಡಿದಳು. ಅವೇ ಎರಡು ಕರಿ ತೂತು.

"ಕಾಣಸ್ತೇನ್ರಿ?" ಎಂದ ಲಿಂಗರಾಜ.

"ಕಾಣಸ್ತು."

"ಏನ್ ಕಾಣಸ್ತ್ರಿ?"

ಹನ್ನೊಂದು ವರ್ಷದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸುಳ್ಳಿಗೆ ಮುಂದಿನ ಸುಳ್ಳು ಸಿದ್ಧವಿರಲಿಲ್ಲ. "ಏನೂ ಕಾಣಲಿಲ್ಲಪಾ," ಎಂದಳು ಕೊನೆಗೆ. "ನನ್ನ ಕಣ್ಣ ಹಿಂಗ. ಎರಡು ಕರಿ ತೂತಷ್ಟ ಕಾಣತಾವ."

"ಕಣ್ಣಿಗೆ ಏನಾಗೈತ್ರಿ? ಇದರ ನಡು ಬಗ್ಗಸ್ರಿ. ಒಬ್ಬೊಬ್ರ ಕಣ್ಣಿನ ನಡುವಿನ ಅಂತರ ಒಂದೊಂದು ನಮೂನಿ ಇರತೈತಿ. ಅವರವರ ಅಳತಿಗೆ ಹೊಂದಿಸ್ಕೋಬೇಕು. ನಿಮಗ ಗೊತ್ತಿಲ್ಲದ್ದೇನ್ರಿ, ನನ್ನ ಹೆಂಡ್ತಿ ರವಿಕಿ ಹೊಲಿಯೋರ ನೀವು!"

ಅವನು ಎರಡು ಕೊಳವೆಗಳನ್ನು ಹಿಡಿದು ಒಳಕ್ಕೆ ಬಗ್ಗಿಸಿದ. ಎರಡು ತೂತು ಒಂದರ ಮೇಲೊಂದು ಬಂದು ಒಂದೇ ದುಂಡನೆಯ ಬೆಳಕಾಯಿತು. ಅವಳು ನಡುವಿನ ಗಾಲಿ ತಿರುಗಿಸಿದಳು. ಮಾಳಿಗೆಯ ಅಂಚಿನಲ್ಲಿ ಒಂದು ಪಾರಿವಾಳ ಕುಳಿತಿತ್ತು. ದಿನಾ ಕಾಣುವ ಪಾರಿವಾಳವೇ. ಅದರ ಕತ್ತು ಅತ್ತ ಹೊರಳಿದರೆ ಹಸಿರು, ಇತ್ತ ಹೊರಳಿದರೆ ನೇರಳೆ. ಎರಡು ಬಣ್ಣದ ನೂಲು ಹಾಕಿ ನೇಯ್ದ ರೇಷ್ಮೆ ಖಣದ ಹಾಗೆ. ಅಕ್ಕನಾಗಮ್ಮ ಗಾಲಿಯನ್ನು ಇನ್ನೊಂಚೂರು ತಿರುಗಿಸಿದಳು. ಪಾರಿವಾಳದ ಕಣ್ಣು ಕೆಂಪು ಎಂಬುದು ಅವಳಿಗೆ ಐವತ್ಮೂರನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಆಗ ಅವಳಿಗೆ ಹಳೆಯದು ನೆನಪಾಯಿತು. ಅಳತೆಯದೊಂದೇ ತಕರಾರಾಗಿದ್ದರೆ ಹೊಸದೇಕೆ? ಸುಕನ್ಯಾಳದನ್ನೇ ಬಗ್ಗಿಸಿಕೊಂಡರಾಯಿತು, ಕತ್ತು ನೊಂದರೆ ನೋಯಲಿ. ಮಾದರಿಗೆಂದು ತಂದಿದ್ದನ್ನು ಚೀಲದಿಂದ ತೆಗೆದು ಕೊಟ್ಟಳು. ಲಿಂಗರಾಜ ಬಗ್ಗಿಸಿದ, ನೋಡಿದ, ತಿರುವಿ ಬೆಳಕಿಗೆ ಹಿಡಿದ.

"ಅಮ್ಮಾರ, ಇದರಾಗ ಏನೂ ಕಾಣಂಗಿಲ್ರಿ. ಎರಡೂ ಕಡೆ ಗಾಜಿನ ಒಳಗ ಬೂಸ್ಟು ಹಿಡಿದೈತಿ. ಯಾವಾಗರ ನೀರು ಹೊಕ್ಕಿತ್ತೇನು?"

ಹೊಕ್ಕಿತ್ತು. ಎಂಟು ವರ್ಷದ ಹಿಂದೆ ಸಂಡೂರಿನ ಗುಡ್ಡದಲ್ಲಿ ಮಳೆಗೆ ಸಿಕ್ಕಿ ಚೀಲವೆಲ್ಲ ತೊಯ್ದಿತ್ತು.

"ಆದ್ರ ಆಕಿ ಹೋದ ವರ್ಷದ ತನಕಾ ಇದರಾಗ ನೋಡ್ತಿದ್ಲಪಾ."

"ಯಾರು ನೋಡಿದ್ರೂ ಮಂಜ ಕಾಣತೈತ್ರಿ ಇದರಾಗ. ಏಳೆಂಟು ವರ್ಷದ ಬೂಸ್ಟಿದು."

ಅಕ್ಕನಾಗಮ್ಮ ಸ್ಟೂಲಿನ ಮೇಲೆ ಕುಳಿತಳು. ಮೊದಲು ಬಂದದ್ದು ಸಿಟ್ಟು. ಕಳ್ಳಿ! ಕಿವಿಯಲ್ಲಿ ಕೇಳಿದ್ದನ್ನು ಕಣ್ಣಲ್ಲಿ ಕಂಡಂತೆ ಹೇಳಿ, ನನ್ನ ಕೈಗೂ ಕೊಟ್ಟು, ದರ್ಶನ ಆತೇನಲೇ ಎಂದು ಬೇರೆ ಕೇಳುತ್ತಿದ್ದೆಯಾ? ಮೂರು ವರ್ಷದ ಹಿಂದೆ ಮಾತಂಗ ಬೆಟ್ಟದಲ್ಲಿ ಹಳದಿ ಕೊರಳಿನ ಪಿಕಳಾರ ಕೂಗಿದ ದಿನ ನೆನಪಾಯಿತು. ಬಂಡೆಗಳ ನಡುವೆ ಮಾತ್ರ ಇರುವ, ಸುಲಭಕ್ಕೆ ಸಿಗದ ಹಕ್ಕಿ. ಸುಕನ್ಯಾ ಬಹಳ ಹೊತ್ತು ದುರ್ಬೀನು ಹಿಡಿದು ನಿಂತಿದ್ದಳು. ಇವಳೂ ಹಿಡಿದಳು, ಆತು ಎಂದಳು. ಸುಕನ್ಯಾ ಇವಳನ್ನು ತಬ್ಬಿಕೊಂಡು, "ಇನ್ನ ಸತ್ರೂ ಚಿಂತಿಲ್ಲಲೇ ನಾಗೂ," ಎಂದಿದ್ದಳು. ಆ ದಿನ ಇಬ್ಬರೂ ಏನೂ ನೋಡಿರಲಿಲ್ಲ.

ಹಾಗಾದರೆ ಮೊಣಕಾಲು ನೋವಿನ ಆ ಹೆಂಗಸು, ಕಣ್ಣಿಗೆ ಮಂಜು ಬಿಟ್ಟು ಬೇರೇನೂ ಕಾಣದಿದ್ದರೂ, ವಾರವಾರ ಗುಡ್ಡ ಹತ್ತಿದ್ದು ಯಾತಕ್ಕೆ? ಅಕ್ಕನಾಗಮ್ಮ ಯಾತಕ್ಕೆ ಹತ್ತಿದ್ದಳೋ ಅದಕ್ಕೇ. ದುರ್ಬೀನು ಕೆಟ್ಟಿದೆ ಎಂದರೆ ಇವಳು ಬರುವುದು ಬಿಟ್ಟಾಳೆಂದು ಅವಳಿಗೂ ಹೆದರಿಕೆ. ಇಬ್ಬರಲ್ಲಿ ಒಬ್ಬರು ಒಮ್ಮೆ ಇಲ್ಲ ಎಂದಿದ್ದರೆ ಸಾಕಿತ್ತು. ಅಂಗಡಿಯಲ್ಲಿ ಪರರ ಮುಂದೆ ಅಳಬಾರದು ಎಂದುಕೊಂಡರೂ ಅವಳಿಗೆ ಅಳು ತಡೆಯಲಾಗಲಿಲ್ಲ. ಲಿಂಗರಾಜ ನೀರಿನ ಬಾಟಲಿ ಮುಂದಿಟ್ಟು, ಸಣ್ಣ ದುರ್ಬೀನನ್ನು ಚೀಲಕ್ಕೆ ಹಾಕಿದ.

ಭಾನುವಾರ ಕಂಡಕ್ಟರ್ ಬೇರೆಯವನಿದ್ದ. ಅವನೂ "ಒಬ್ರೇನ್ರಿ?" ಎಂದ.

"ಹೂನಪಾ, ಒಬ್ಬಾಕಿನ," ಎಂದಳು. ಈ ಸಲ ಇಳಿಯಲಿಲ್ಲ.

ಮಾತಂಗ ಬೆಟ್ಟದ ಅರ್ಧದಲ್ಲಿ, ಸುಕನ್ಯಾ ಕೂರುತ್ತಿದ್ದ ಬಂಡೆಯ ಪಕ್ಕ ಕುಳಿತಳು. ಬಂಡೆ ಮೇಲೆ ಕೂರಲು ಮನಸ್ಸಾಗಲಿಲ್ಲ. ಕೆಳಗೆ ಬಾಳೆತೋಟದಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು. ಬಿಸಿಲು ಏರಿತು. ಎರಡು ತಾಸು ಕಾದರೂ ಏನಿಲ್ಲ. ಎದ್ದುಬಿಡೋಣ, ಟ್ರಂಕಿಗೆ ಹಾಕಿಬಿಡೋಣ ಎಂದು ಎರಡು ಸಲ ಅನ್ನಿಸಿತು. ಆಗ ಆ ದನಿ ಬಂತು. ಸುಕನ್ಯಾ ಕಲಿಸಿದ್ದ ಪಿಕಳಾರದ ದನಿ. ಕೊಳವೆಗಳನ್ನು ತನ್ನ ಅಳತೆಗೆ ಬಗ್ಗಿಸಿ, ಗಾಲಿ ತಿರುಗಿಸಿ ಹುಡುಕಿದಳು. ಕಲ್ಲಿನ ಸಂದಿಯ ಅತ್ತಿಗಿಡದ ಮೇಲೆ ಬೂದುಬಣ್ಣದ ಹಕ್ಕಿಯೊಂದು ಬಂದು ಕುಳಿತು, ಕೊರಳೆತ್ತಿ ಕೂಗಿತು.

ಹಾರಿಹೋಗುವವರೆಗೂ ನೋಡಿದಳು. ಆಮೇಲೆ, ಎಂದಿನ ಪ್ರಶ್ನೆಗೆ ಕಾದಳು. ಯಾರೂ ಕೇಳಲಿಲ್ಲ. "ಆತು," ಎಂದಳು ಗಟ್ಟಿಯಾಗಿ, ತನ್ನಷ್ಟಕ್ಕೆ.

ಪುಸ್ತಕ ತೆಗೆದು ಆ ಹಳೆಯ ಪುಟ ಹುಡುಕಿದಳು. 'ಹಳದಿ ಕೊರಳಿನ ಪಿಕಳಾರ. ಇಬ್ಬರೂ ನೋಡಿದೆವು.' ಹೊಡೆದುಹಾಕಲು ಪೆನ್ನು ಎತ್ತಿದವಳು ಹೊಡೆಯಲಿಲ್ಲ. ಅದರ ಕೆಳಗೆ, ರವಿಕೆಯ ಅಳತೆ ಬರೆಯುವ ತನ್ನ ದುಂಡು ಅಕ್ಷರದಲ್ಲಿ ಬರೆದಳು:

'ಸುಕನ್ಯಾ, ಅದರ ಕೊರಳು ಖರೇನ ಹಳದಿ ಐತಲೇ.'