ಎಡ ಸೀಟಿನ ತೂಕ

ಗೆಳೆಯರೇ, ಶೋಕಿಗೆಂದು ಕಾರಿನ ಸಸ್ಪೆನ್ಶನ್ ತಗ್ಗಿಸಿದ್ದೆನಲ್ಲ, ಈಗ ಮುಂದಿನ ಬಲಗಡೆ ಇನ್ನಷ್ಟು ಕುಸಿದು ಕಮಲಾಪುರ ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ಉಜ್ಜುತ್ತಿದೆ. ಇವತ್ತು ಕಪನೂರಿನ ಗ್ಯಾರೇಜ್ ಮಿಸ್ತ್ರಿಯ ಮೇಲೆ ಹರಿಹಾಯ್ದೆ: “ಖರಾಬ್ ಸ್ಪ್ರಿಂಗ್ ಹಾಕೀಯಲ್ಲೋ ರಫೀಕ!”

ಅವನು ಟೇಪು ಹಿಡಿದು ಅಳೆದ. “ಸ್ಪ್ರಿಂಗ್ ಬರೋಬರ್ ಅದ ಸಾವ್ಕಾರ್ರ. ನೀವು ಇಳಿದ್ರ ಎರಡೂ ಬಾಜು ಸಮ, ಕೂತ್ರ ನಿಮ್ಮ ಬಾಜು ಕುಸೀತದ. ಎಡಕ್ಕ ಯಾರನ್ನರ ಕೂಡಿಸ್ರಿ, ಅಳೀತೀನಿ.”

ಫೋನ್ ತೆಗೆದೆ. ಬಾಳೆಹಣ್ಣಿನ ಗಿರಾಕಿಗಳ ನಂಬರು ಬೇಕಾದಷ್ಟಿವೆ. ಸುಮ್ಮನೆ ಬಂದು ಪಕ್ಕದಲ್ಲಿ ಕೂತುಕೋ ಎನ್ನುವಂಥದ್ದು ಒಂದೂ ಸಿಗಲಿಲ್ಲ. ಕೊನೆಗೆ ಮಾರಲು ತಂದಿದ್ದ ಕೆಂಪು ಬಾಳೆಗೊನೆಗಳನ್ನೇ ಎಡ ಸೀಟಿಗೆ ಹೇರಿದೆ. ಕಾರು ಸಮನಾಯಿತು. ಗೊನೆಗೂ ಬೆಲ್ಟ್ ಹಾಕಿ ಎಂದು ಕೂಗತೊಡಗಿತು.

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವವರಿದ್ದರೆ ಹೇಳಿ. ಬಾಡಿಗೆ ಬೇಡ, ಮೈತೂಕ ತಂದರೆ ಸಾಕು.