ಗುಲ್ಮರ್ಗೋ ಔಲಿಯೋ?

ಗೆಳೆಯರೇ, ಇವತ್ತು ನಮ್ಮ ಬಡಾವಣೆ ಕೋಥರೂಡಿನ ಟ್ರಾವೆಲ್ಸ್ ಆಫೀಸಿನಲ್ಲಿ ನಾನೂ ನನ್ನ ಹೆಂಡತಿ ಸುಮಾಳೂ ಎಲ್ಲರೆದುರು ಜಗಳವಾಡಿದೆವು. ರಜೆಯಲ್ಲಿ ಹಿಮದ ಮೇಲೆ ಸ್ಕೀಯಿಂಗ್ ಕಲಿಯಲು ನನಗೆ ಗುಲ್ಮರ್ಗ್ ಬೇಕು, ಅವಳಿಗೆ ಔಲಿ.

"ಗುಲ್ಮರ್ಗದಾಗ ಇಳಿಜಾರು ಭಾಳ ದೊಡ್ಡದದ," ಎಂದೆ.

"ನಿಮಗ ಮನಿ ಮೆಟ್ಟಲಾ ಇಳಿಯೂದ ನೆಟ್ಟಗ ಬರೂದಿಲ್ಲ. ದೊಡ್ಡ ಇಳಿಜಾರು ಯಾಕ್ರಿ?" ಎಂದಳು.

ಅಷ್ಟಿಷ್ಟು ಕನ್ನಡ ತಿಳಿಯುವ ಮರಾಠಿ ಏಜೆಂಟ್ ನಗು ಮುಚ್ಚಿಕೊಳ್ಳಲು ಚಹಾ ಹೇಳಿದ. ಜೊತೆಗೆ ಬಂದಿದ್ದ ನನ್ನ ಅವ್ವ ಆಗ ಬಾಯಿ ತೆರೆದಳು: "ಔಲಿನ ಇರಲಿ. ಕೆಳಗ ಜೋಶಿಮಠದಾಗ ನರಸಿಂಹದೇವರ ಗುಡಿ ಅದ."

ದೇವರು ನಡುವೆ ಬಂದಮೇಲೆ ವಾದವೆಲ್ಲಿ? ನಾನು ಸೋತೆ. ಅವ್ವ ಗುಡಿಯಲ್ಲಿರುತ್ತಾಳೆ ಎಂದುಕೊಂಡು, ಸ್ಕೀ ಕ್ಲಾಸಿಗೆ ಇಬ್ಬರ ಹೆಸರು ಬರೆದುಕೊಳ್ಳಿ ಎಂದು ಏಜೆಂಟನಿಗೆ ಮರಾಠಿಯಲ್ಲಿ ಹೇಳಿದೆ.

"ಇಬ್ಬರದ್ಯಾಕ? ನಂದೂ ಬರಸು," ಎಂದಳು ಅವ್ವ. "ದೇವರಿಗೆ ಕೈ ಮುಗಿಯೂದು ಎಷ್ಟೊತ್ತಿನ ಕೆಲಸ? ಆಮ್ಯಾಲೆ ನಾನೂ ಜಾರತೀನಿ!"

ಸುಮಾ ಅತ್ತೆಯನ್ನು ಅಲ್ಲೇ ತಬ್ಬಿಕೊಂಡಳು. ಮೂವರ ಹೆಸರೂ ಪಟ್ಟಿಗೆ ಬಿದ್ದವು.

ಏಜೆಂಟ್ ಹೇಳುವಂತೆ, ಅಲ್ಲಿ ಮೊದಲ ದಿನ ಬೀಳುವುದನ್ನೇ ಕಲಿಸುತ್ತಾರೆ. ಅತ್ತೆ ಸೊಸೆ ಇಬ್ಬರೂ ಒಂದೇ ಕಡೆ ನಿಂತು ನೋಡುವಾಗ ಬೀಳಲು ನಾನಿನ್ನೂ ತಯಾರಾಗಿಲ್ಲ.